ಓಲಗದ ತಾತನ ಆರು ಹಲ್ಲು ಮತ್ತು ಬಾಣಂತಿ ಇಲಿ

ತಾತ ಮೊದಲ ಸಲ ನನ್ನ ಲ್ಯಾಬಿಗೆ ಬಂದಾಗ ಅವರ ಎಡಗೈಯಲ್ಲಿ ಬಟ್ಟೆ ಸುತ್ತಿದ ನಾದಸ್ವರ ಇತ್ತು, ಬಲಗೈ ಬಾಯಿಗೆ ಅಡ್ಡವಾಗಿತ್ತು. ಹತ್ತು ತಿಂಗಳ ಹಿಂದೆ ಮಂಚೇನಹಳ್ಳಿ ಹತ್ತಿರ ಮೊಪೆಡ್ಡಿನಿಂದ ಜಾರಿ ಬಿದ್ದಾಗ ವಾದ್ಯವನ್ನು ಮೇಲಕ್ಕೆತ್ತಿ ಹಿಡಿದಿದ್ದರಂತೆ. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಮೇಲಿನ ಸಾಲಿನ ಮುಂದಿನ ಆರು ಹಲ್ಲು ಮಾತ್ರ ರಸ್ತೆಯ ಪಾಲಾಗಿದ್ದವು.

“ಕೈ ಊರಿದ್ರೆ ಹಲ್ಲು ಉಳೀತಿತ್ತು ಕಣಮ್ಮ. ಕೈಯಾಗೆ ಇದಿತ್ತಲ್ಲ, ಹೆಂಗ್ ಊರ್ಲಿ?” ಎಂದು ಕೈ ತೆಗೆದು ನಕ್ಕರು. ಆ ನಗುವಿನ ನಡುವೆ ಬಾಗಿಲಷ್ಟು ದೊಡ್ಡ ಖಾಲಿ ಇತ್ತು.

ನನ್ನ ಕಸುಬು ಹಲ್ಲು ಮಾಡುವುದು. ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರಿನ ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಬಸ್ಸಿಗೆ ಹಾಕುತ್ತಾರೆ, ನಾನು ಶಿಡ್ಲಘಟ್ಟದ ಒಂದು ಗಲ್ಲಿಯ ಒಂದೇ ಕೋಣೆಯಲ್ಲಿ ಕೂತು ಹಲ್ಲು ಕಟ್ಟಿ ವಾಪಸು ಕಳಿಸುತ್ತೇನೆ. ರೋಗಿಯ ಮುಖ ನನಗೆ ಕಾಣುವುದೇ ಅಪರೂಪ. ಈ ತಾತನನ್ನು ಮಾತ್ರ ಚಿಂತಾಮಣಿಯ ಡಾಕ್ಟರಮ್ಮ ನೇರವಾಗಿ ಕಳಿಸಿದ್ದರು. “ಊಟ ಮಾಡಕ್ಕಾದ್ರೆ ನಾನೇ ನೋಡ್ಕೋತಿದ್ದೆ. ಇವ್ರಿಗೆ ಬೇಕಿರೋದು ಊದೋ ಹಲ್ಲು. ಅದು ನಿನ್ನ ಮುಂದೇನೇ ಊದಿ ನೋಡ್ಬೇಕು,” ಎಂದು ಫೋನಿನಲ್ಲಿ ಹೇಳಿದ್ದರು.

ತಾತನ ಜೊತೆ ಇನ್ನೊಬ್ಬರು ಬಂದಿದ್ದರು. ಅವರು ಡೋಲಿನವರು. ಮೂವತ್ತು ವರ್ಷಗಳಿಂದ ಒಬ್ಬರು ಊದುವುದು, ಇನ್ನೊಬ್ಬರು ಬಾರಿಸುವುದು. ಗೌರಿಬಿದನೂರಿನಿಂದ ಕೈವಾರದವರೆಗೆ ಇವರ ಓಲಗವಿಲ್ಲದೆ ಎಷ್ಟು ತಾಳಿ ಕಟ್ಟಿದ್ದಾರೋ ಲೆಕ್ಕ ಹಾಕಬೇಕು ಎಂದು ಇಬ್ಬರೂ ಒಟ್ಟಿಗೇ ಜಂಬ ಕೊಚ್ಚಿದರು. ಆದರೆ ಬಿದ್ದ ಮೇಲೆ ಹತ್ತು ತಿಂಗಳು ತಾತ ಊದಿರಲಿಲ್ಲ. ಬೇರೆಲ್ಲೋ ಕಟ್ಟಿಸಿದ್ದ ಸೆಟ್ಟು ಗಾಳಿ ತುಂಬಿದ ಕೂಡಲೇ ಕಳಚಿಕೊಳ್ಳುತ್ತಿತ್ತು. ಈಗ ಡೋಲಿನವರ ಮಗಳ ಮದುವೆ ಬಂದಿತ್ತು, ಮೂರು ವಾರ ಉಳಿದಿತ್ತು.

“ನನ್ ಮಗಳ ಗಟ್ಟಿಮೇಳಕ್ಕೆ ಇವ್ನೇ ಊದ್ಬೇಕು. ಅವ್ಳು ಹುಟ್ಟಿದ್ ದಿನ ಮಾತು ಕೊಟ್ಟವ್ನೆ,” ಎಂದರು ಡೋಲಿನವರು. “ಇವ್ನ ಕೈಲಾಗ್ಲಿಲ್ಲ ಅಂದ್ರೆ ಬೇರೆಯವ್ರನ್ನ ಕರೆಯಲ್ಲ. ಗಟ್ಟಿಮೇಳ ಇಲ್ದೆನೇ ಆಗ್ಲಿ ಮದುವೆ.”

“ನೋಡ್ದಾ ತಲ್ಲೀ, ಹೆಂಗ್ ಹೆದರುಸ್ತಾನೆ,” ಎಂದರು ತಾತ. ಅವರ ಕಣ್ಣಿನಲ್ಲಿ ಆಗ ನಗು ಇರಲಿಲ್ಲ.

ಹಲ್ಲು ಕಟ್ಟುವ ಕ್ರಮ ಹೀಗೆ. ಅಚ್ಚಿಗೆ ಪ್ಲಾಸ್ಟರ್ ಸುರಿದು ಬಾಯಿಯ ಮಾದರಿ ಮಾಡಿಕೊಳ್ಳಬೇಕು. ಅದರ ಮೇಲೆ ತೆಳುವಾದ ತಗಡಿನಂಥ ತಾತ್ಕಾಲಿಕ ಅಡಿ, ಅಡಿಯ ಮೇಲೆ ಗುಲಾಬಿ ಮೇಣ, ಮೇಣದಲ್ಲಿ ಒಂದೊಂದೇ ಹಲ್ಲು. ಇದನ್ನು ಬಾಯಿಗಿಟ್ಟು ನೋಡುವುದೇ ಟ್ರಯಲ್. ಒಪ್ಪಿಗೆಯಾದ ಮೇಲೆ ಮೇಣವನ್ನು ಕರಗಿಸಿ ತೆಗೆದು, ಅದೇ ಜಾಗಕ್ಕೆ ಅಕ್ರಿಲಿಕ್ ತುಂಬಿ ಬೇಯಿಸುತ್ತೇವೆ. ಬೇಯಿಸಿದ ಮೇಲೆ ಹಲ್ಲು ಕದಲುವುದಿಲ್ಲ, ತಪ್ಪಾಗಿದ್ದರೆ ತಿದ್ದಲೂ ಆಗುವುದಿಲ್ಲ. ಹಾಗಾಗಿ ಜೀವವೆಲ್ಲ ಆ ಮೇಣದಲ್ಲಿ ಇರುತ್ತದೆ.

ಮೊದಲ ಟ್ರಯಲ್‌ಗೆ ಆರೂ ಹಲ್ಲನ್ನು ಸಿನಿಮಾ ನಟನ ಹಲ್ಲಿನಂತೆ ಸಾಲಾಗಿ ನಿಲ್ಲಿಸಿದೆ. ತಾತ ಬಾಯಿಗಿಡುವ ಪೀಪಿಯನ್ನು ತುಟಿಗಿಟ್ಟು ಊದಿದರೆ ಬುಸ್ ಎಂದು ಗಾಳಿ ಮಾತ್ರ ಬಂತು. ಎರಡನೆಯದಕ್ಕೆ ಹಲ್ಲನ್ನು ಕೊಂಚ ಮುಂದಕ್ಕೆ ಬಾಗಿಸಿದೆ, ದನಿ ಒಡೆದು ಎರಡಾಯಿತು. ಮೂರನೆಯದರಲ್ಲಿ ಬಂದ ಸದ್ದಿಗೆ ಬೀದಿಯ ನಾಯಿಯೊಂದು ಬಾಗಿಲಿಗೆ ಬಂದು ನಿಂತಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಚಾಕು ಮೇಜಿಗೆ ಕುಕ್ಕಿ, “ನಿಮ್ ಹಳೇ ಹಲ್ಲು ಹೆಂಗಿತ್ತು ಅಂತ ಒಂದ್ ಫೋಟೋನಾದ್ರೂ ಇಲ್ವಾ ತಾತ?” ಎಂದೆ.

ಯಾರದೋ ಮದುವೆಯ ಫೋಟೋ ಬಂತು. ಮೂಲೆಯಲ್ಲಿ ತಾತ ನಗುತ್ತಿದ್ದರು. ಎಡಗಡೆಯ ಮುಂದಿನ ಹಲ್ಲು ಕೊಂಚ ಒಳಕ್ಕೆ ತಿರುಗಿತ್ತು. ನಲವತ್ತು ವರ್ಷ ಅವರ ತುಟಿ ಆ ಸೊಟ್ಟ ಹಲ್ಲಿನ ಪಕ್ಕದ ಸಣ್ಣ ಜಾಗದಲ್ಲೇ ಕೂತು ಅಭ್ಯಾಸವಾಗಿತ್ತು. ನಾನೋ ಅದನ್ನು ಚಂದ ಮಾಡಲು ಹೋಗಿ ತುಟಿಗೆ ಮನೆಯಿಲ್ಲದಂತೆ ಮಾಡಿದ್ದೆ. ನಾಲ್ಕನೆಯ ಟ್ರಯಲ್‌ಗೆ ಆ ಹಲ್ಲನ್ನು ಬಿಸಿ ಚಾಕುವಿನಿಂದ ಕೂದಲೆಳೆಯಷ್ಟು ತಿರುಗಿಸುತ್ತಾ, ತಾತ ಊದುತ್ತಾ, ಮತ್ತೆ ತಿರುಗಿಸುತ್ತಾ ಇಡೀ ಗುರುವಾರ ಕಳೆಯಿತು. ಸಂಜೆಗೆ ಒಂದು ಸ್ವರ ಬಂತು. ತುಂಬಿದ, ನೆಟ್ಟಗಿನ ಸ್ವರ. ಗೋಡೆಯಾಚೆ ರೇಷ್ಮೆ ನೂಲು ಬಿಚ್ಚುವ ಶೆಡ್ಡಿನಲ್ಲಿ ಹೆಂಗಸರು ಮಾತು ನಿಲ್ಲಿಸಿದ್ದು ನನಗೆ ಕೇಳಿಸಿತು.

ಆ ಸ್ವರಕ್ಕೆ ತಾತನ ತುಟಿ ಬೆಲೆ ತೆತ್ತಿತ್ತು. ಒಳಗೆಲ್ಲ ಕೆಂಪಾಗಿ ಗಾಯವಾಗಿತ್ತು. ಡಾಕ್ಟರಮ್ಮ ನೋಡಿ, ಮಂಗಳವಾರ ಹಲ್ಲು ಕೂರಿಸುವವರೆಗೂ ತುಟಿಗೆ ಪೀಪಿ ಮುಟ್ಟಿಸಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಮದುವೆ ಅದರ ಮರುದಿನ, ಬುಧವಾರ ಬೆಳಿಗ್ಗೆ. ಅಂದರೆ ಇನ್ನೊಂದು ಟ್ರಯಲ್ ಇಲ್ಲ. ಸರಿಯಾದ ಜಾಗ ಎಂಬುದು ನನ್ನ ಮೇಜಿನ ಮೇಲಿನ ಆ ಮೇಣದ ತುಂಡಿನಲ್ಲಿ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ.

ಅದಕ್ಕೇ ಶುಕ್ರವಾರ ಮೊದಲ ಕೆಲಸವಾಗಿ ಅದರ ಮುಂಭಾಗಕ್ಕೆ ಪ್ಲಾಸ್ಟರ್ ಒತ್ತಿ ಒಂದು ಗುರುತಚ್ಚು ತೆಗೆದಿಟ್ಟುಕೊಳ್ಳಬೇಕಿತ್ತು. ಮೇಣಕ್ಕೆ ಏನಾದರೂ ಆದರೆ ಆ ಅಚ್ಚು ನೋಡಿ ಹಲ್ಲನ್ನು ಮತ್ತೆ ನಿಲ್ಲಿಸಬಹುದು. ಆಗಾಗ ಕೆಲಸ ಕಲಿಯಲು ಬರುವ ಹುಡುಗಿಯರಿಗೆ ನಾನು ಬೆರಳಾಡಿಸಿ ಹೇಳುವ ನಿಯಮ ಇದು. ಬೆಳಿಗ್ಗೆ ಬೇರೆ ಕೆಲಸ ಬಂತು. ಮಧ್ಯಾಹ್ನ ಕೈಗೆತ್ತಿಕೊಂಡಾಗ, ಪ್ಲಾಸ್ಟರ್ ಅಂಟದಂತೆ ಹಚ್ಚುವ ವ್ಯಾಸಲಿನ್ ಡಬ್ಬ ಖಾಲಿ. ಅಂಗಡಿಗೆ ಹೋಗಲು ಸೋಮಾರಿತನ. ತೊಂಡೇಬಾವಿಯ ತವರಿನಿಂದ ಬಂದಿದ್ದ ಗಾಣದ ಕಡಲೇಕಾಯಿ ಎಣ್ಣೆಯ ಬಾಟಲಿ ಬ್ಯಾಗಿನಲ್ಲೇ ಇತ್ತು. ಬೆರಳಿಗೆ ತಗೊಂಡು ಆರೂ ಹಲ್ಲಿನ ಮುಂಭಾಗಕ್ಕೆ, ಮೇಣಕ್ಕೆ ಚೆನ್ನಾಗಿ ಸವರಿದೆ. ಕೋಣೆಯೆಲ್ಲ ಘಮ್ಮೆಂದಿತು. ಆ ಘಮಕ್ಕೆ ನನಗೇ ಹೊಟ್ಟೆ ಹಸಿದು, ಊಟ ಮಾಡಿ ಬಂದು ಪ್ಲಾಸ್ಟರ್ ಕಲಸೋಣ ಎಂದು ಮನೆಗೆ ಹೋದೆ.

ಶುಕ್ರವಾರ ಮಧ್ಯಾಹ್ನ ನಮ್ಮ ಗಲ್ಲಿಯಲ್ಲಿ ಒಂದು ವಿಶೇಷವಿದೆ. ಶೆಡ್ಡಿನ ಯಜಮಾನರನ್ನು ನಾನು ಚಾಚಾ ಎನ್ನುತ್ತೇನೆ. ಅವರು ಮತ್ತು ಕೆಲಸದ ಗಂಡಸರು ನಮಾಜಿಗೆ ಹೋಗುವುದರಿಂದ ಒಂದೂವರೆ ಗಂಟೆ ಯಂತ್ರಗಳೆಲ್ಲ ನಿಲ್ಲುತ್ತವೆ. ವಾರವಿಡೀ ಹಗಲು ಹೊತ್ತು ಗಡಗಡ ಎನ್ನುವ ಗೋಡೆ ಆ ಒಂದು ಹೊತ್ತು ಮೌನವಾಗಿರುತ್ತದೆ. ನನಗೆ ಅದು ಇಷ್ಟ. ಇಷ್ಟಪಡುವವಳು ನಾನೊಬ್ಬಳೇ ಅಲ್ಲ ಎಂದು ಅಂದೇ ಗೊತ್ತಾದದ್ದು.

ಬಂದು ನೋಡಿದರೆ ಪ್ಲಾಸ್ಟರಿನ ಮಾದರಿ ಇದೆ, ಅದರ ಮೇಲಿನ ಹಲ್ಲಿಲ್ಲ. ಮೇಜಿನ ಮೇಲೆ ಎಣ್ಣೆಯಲ್ಲಿ ಅದ್ದಿದಂಥ ನಾಲ್ಕು ಪುಟ್ಟ ಹೆಜ್ಜೆಗುರುತು. ಕೆಳಗೆ ಸಿಂಕಿನ ಮೂಲೆಯಲ್ಲಿ ಕೊಳವೆ ಹೋಗುವ ಕಿಂಡಿಯ ಅಂಚಿಗೆ ಗುಲಾಬಿ ಮೇಣದ ಒಂದು ಸಿಪ್ಪೆ. ಮೊದಲು ಕೂತು ಅತ್ತೆ. ಆಮೇಲೆ ಇಲಿಯ ವಂಶವನ್ನೆಲ್ಲ ಜಾಲಾಡಿ ಬೈದೆ.

ಶನಿವಾರ ಬೆಳಿಗ್ಗೆ ಕೋಣೆಯ ಪ್ರತಿಯೊಂದು ಡಬ್ಬ, ಪೆಟ್ಟಿಗೆ, ಪ್ಲಾಸ್ಟರ್ ಚೀಲವನ್ನು ಹೊರಗೆ ಹಾಕಿದೆ. ಏನೂ ಸಿಗಲಿಲ್ಲ. ಬೋನು ತಂದು ಬಿಸಿ ಬೋಂಡ ಸಿಕ್ಕಿಸಿ ಕಿಂಡಿಯ ಮುಂದಿಟ್ಟೆ. ಸಂಜೆವರೆಗೂ ಬೋಂಡ ಹಾಗೇ ಇತ್ತು, ತಣ್ಣಗಾಗಿ ಅದರ ಎಣ್ಣೆಯೂ ಇಂಗಿತ್ತು. ಈ ರಂಪ ಕೇಳಿ ಬಂದ ಚಾಚಾ ಅಂಗಿ ಜೇಬಿನಿಂದ ಪಾಷಾಣದ ಪೊಟ್ಟಣ ತೆಗೆದರು.

“ಬೇಟೀ, ಹುಳ ಬೀಳೋ ಜಾಗದಲ್ಲಿ ಇಲಿ ಇಲ್ದೆ ಇರುತ್ತಾ? ಗೂಡು ಬಿಚ್ಚಿದ್ಮೇಲೆ ಒಳಗಿನ ಹುಳ ತಿನ್ನಕ್ಕೇ ಬರ್ತವೆ. ಇದಿಕ್ಕು. ಒಂದೇ ದಿನ, ಖತಂ.”

ಪೊಟ್ಟಣ ಬಿಡಿಸಿಯೂ ಆಗಿತ್ತು. ಆ ಹೊತ್ತಿಗೆ ನನ್ನ ನಾದಿನಿಯ ಫೋನ್ ಬಂತು. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಾಳೆ. ಸುದ್ದಿ ಕೇಳಿ ಮೊದಲು ಮನಸಾರೆ ನಕ್ಕಳು.

“ವಿಷ ಇಟ್ರೆ ಅದು ಗೋಡೆಯೊಳಗೇ ಎಲ್ಲೋ ಸಾಯುತ್ತೆ ಅತ್ತಿಗೆ. ಆಮೇಲೆ ಹಲ್ಲೆಲ್ಲಿ ಅಂತ ಯಾರನ್ನ ಕೇಳ್ತೀರಾ? ಬೋನೂ ಅಷ್ಟೆ. ಹೊಸ ವಸ್ತು ಕಂಡ್ರೆ ಅವಕ್ಕೆ ಅನುಮಾನ, ಒಂದೆರಡು ದಿನ ಹತ್ರಾನೇ ಬರಲ್ಲ.”

“ಇಷ್ಟೊತ್ತಿಗೆ ತಿಂದು ನೀರು ಕುಡಿದಿರುತ್ತೆ ಬಿಡೆ.”

“ಅದೇ ಗ್ಯಾರಂಟಿ ಇಲ್ಲ. ಚೂರುಪಾರು ಸಿಕ್ಕಿದ್ರೆ ನಿಂತಲ್ಲೇ ತಿಂದ್ಬಿಡುತ್ತೆ. ದೊಡ್ಡದು ಸಿಕ್ಕಿದ್ರೆ ತಿನ್ನಕ್ಕೆ ಟೈಮ್ ಬೇಕಲ್ವಾ, ಅಷ್ಟೊತ್ತು ಬಯಲಲ್ಲಿ ಕೂತ್ರೆ ಬೆಕ್ಕಿನ ಬಾಯಿಗೇ. ಅದಕ್ಕೆ ಎತ್ಕೊಂಡು ಮನೆಗೆ ಓಡುತ್ತೆ. ಹೊಟ್ಟೆ ತುಂಬಿದ್ರೂ ಎತ್ಕೊಂಡು ಹೋಗಿ ಇಡುತ್ತೆ. ಒಂದ್ಸಲ ಹಸಿವು ಕಂಡಿರೋ ಇಲಿ ಇನ್ನೂ ಜಾಸ್ತಿ ಕೂಡಿಡುತ್ತೆ. ಮರಿ ಹಾಕಿದ್ರಂತೂ ಕೇಳ್ಲೇಬೇಡಿ, ಮರಿ ಬಿಟ್ಟು ಪದೇಪದೇ ಆಚೆ ಹೋಗೋ ಹಾಗಿಲ್ವಲ್ಲ.”

“ಹಲ್ಲು ತಿನ್ನೋ ವಸ್ತುವಾ?”

“ವಾಸನೆ ತಿಂಡೀದು ತಾನೆ? ಎಣ್ಣೆ ಹಚ್ಚಿದ್ದು ನೀವೇ. ಕೆಲವು ಇಲಿ ಸೋಪು, ಗುಂಡಿ, ಪೆನ್ನಿನ ಮುಚ್ಚಳ ಎಲ್ಲಾ ಹೊತ್ಕೊಂಡು ಹೋಗ್ತವೆ. ಬಾಯಿಗೆ ಸಿಕ್ಕಿದ್ದು ಮನೆಗೆ ಬರ್ಲಿ, ಆಮೇಲೆ ನೋಡ್ಕೊಳ್ಳೋಣ ಅಂತ. ನಮ್ಮಮ್ಮ ಖಾಲಿ ಐಸ್‌ಕ್ರೀಮ್ ಡಬ್ಬ ಕೂಡಿಡಲ್ವಾ?”

ಅವಳಮ್ಮ ಎಂದರೆ ನನ್ನತ್ತೆ. ಅತ್ತೆಯ ಡಬ್ಬಗಳ ಬಗ್ಗೆ ನನಗೂ ಸಾಕಷ್ಟು ಹೇಳಲಿಕ್ಕಿತ್ತು. ಫೋನಿಟ್ಟು ಆ ಪೊಟ್ಟಣದ ಕಡೆ ನೋಡಿದೆ. ಇಲಿ ಸತ್ತರೆ ನನ್ನ ಸಿಟ್ಟು ತೀರುತ್ತಿತ್ತು. ತಾತನ ಸ್ವರ ಸಿಗುತ್ತಿರಲಿಲ್ಲ. ಪೊಟ್ಟಣ ಮಡಿಸಿ ಚಾಚಾಗೆ ವಾಪಸು ಕೊಟ್ಟು, “ಬೇಡ ಚಾಚಾ, ಇದಕ್ಕೆ ಊಟ ಹಾಕಣ,” ಎಂದೆ. ಅವರು ನನ್ನ ಹಣೆ ಮುಟ್ಟಿ ಜ್ವರ ನೋಡಿದರು.

ಆ ಸಂಜೆ ಶೆಡ್ಡು ನಿಂತ ಮೇಲೆ ಬೋನು ತೆಗೆದು, ಕಿಂಡಿಯಿಂದ ಮೂರಡಿ ದೂರದಲ್ಲಿ ನಾಲ್ಕು ಬಗೆಯ ತಿಂಡಿ ಸಾಲಾಗಿ ಇಟ್ಟೆ. ಒಡೆದ ಕಡಲೇಬೀಜದ ಚೂರು, ಇಡೀ ಬೀಜ, ಸಿಪ್ಪೆ ಸಹಿತ ಕಡಲೇಕಾಯಿ, ಹಲ್ಲಿನ ಸೆಟ್ಟಿನಷ್ಟೇ ದೊಡ್ಡ ಚಿಕ್ಕಿಯ ತುಂಡು. ನಾನು, ಚಾಚಾ ಗಾಜಿನ ಬಾಗಿಲಿನ ಹಿಂದೆ ಸ್ಟೂಲು ಹಾಕಿಕೊಂಡು ಕೂತೆವು. ಅರ್ಧ ಗಂಟೆಯ ಮೇಲೆ ಮೀಸೆ ಕಂಡಿತು, ಆಮೇಲೆ ಇಲಿ. ಒಳ್ಳೆ ಮೈಕಟ್ಟಿನ ಇಲಿ, ಹೊಟ್ಟೆ ಜೋಲುತ್ತಿತ್ತು. ಚೂರುಗಳನ್ನು ಅಲ್ಲೇ ನಿಂತು ಮುಗಿಸಿತು. ಇಡೀ ಬೀಜವನ್ನು ಮುಂಗೈಯಲ್ಲಿ ಹಿಡಿದು ಅತ್ತಿತ್ತ ನೋಡುತ್ತಾ ತಿಂದಿತು. ಕಡಲೇಕಾಯಿಯ ಹತ್ತಿರ ಬಂದಾಗ ಒಂದು ಕ್ಷಣ ಯೋಚಿಸಿದಂತೆ ನಿಂತು, ಬಾಯಲ್ಲಿ ಕಚ್ಚಿಕೊಂಡು ಕಿಂಡಿಗೆ ಓಡಿತು. ಚಿಕ್ಕಿಯನ್ನಂತೂ ಮೂಸಿ ನೋಡಲೂ ಇಲ್ಲ, ಕಚ್ಚಿ ಹಿಮ್ಮುಖವಾಗಿ ಎಳೆದುಕೊಂಡೇ ಹೋಯಿತು.

“ಯಾ ಅಲ್ಲಾ,” ಎಂದರು ಚಾಚಾ. “ನಮ್ ಬೇಗಂ ಬಜಾರಿಗ್ ಹೋದಂಗೇ ಇದೆ.”

ನಾದಿನಿ ಹೇಳಿದ್ದು ಪುಸ್ತಕದ ಮಾತಲ್ಲ, ನಮ್ಮ ಗಲ್ಲಿಯ ಇಲಿಗೂ ಅನ್ವಯಿಸುತ್ತಿತ್ತು. ಹಲ್ಲಿನ ಸೆಟ್ಟು ದೊಡ್ಡ ತುಂಡು. ಅದು ಎಲ್ಲೋ ಉಗ್ರಾಣದಲ್ಲಿ ಇದೆ. ಆ ಉಗ್ರಾಣದ ದಾರಿ ಇಲಿಗೊಂದಕ್ಕೇ ಗೊತ್ತು. ಅಂದರೆ ಅದರ ಬಾಯಿಗೆ ದಾರ ಕಟ್ಟಿ ಕಳಿಸಬೇಕು. ದಾರಕ್ಕೆ ಶಿಡ್ಲಘಟ್ಟದಲ್ಲಿ ಬರವೇ?

ಭಾನುವಾರ ಶೆಡ್ಡು ಮಧ್ಯಾಹ್ನಕ್ಕೆ ನಿಂತಿತು. ಕೆಟ್ಟುಹೋದ ಒಂದು ಹಳೆಯ ಸೆಟ್ಟಿನ ತುಂಡಿಗೆ ತೂತು ಕೊರೆದು, ಚಿಕ್ಕಿ ಮೆತ್ತಿ, ಗಾಣದ ಎಣ್ಣೆ ಧಾರಾಳವಾಗಿ ಸವರಿ, ಹಸಿ ರೇಷ್ಮೆಯ ಒಂಟಿ ಎಳೆ ಕಟ್ಟಿದೆ. ಎಳೆ ಹಗುರವಾಗಿದ್ದಷ್ಟೂ ಇಲಿಗೆ ಅನುಮಾನ ಬರುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಇಲಿ ಬಂತು, ಕಚ್ಚಿತು, ಓಡಿತು. ದಾರದ ಉಂಡೆ ಮೇಜಿನ ಮೇಲೆ ಎರಡು ಸಲ ಕುಣಿದು ಸುಮ್ಮನಾಯಿತು. ಎಳೆದು ನೋಡಿದರೆ ಕಿಂಡಿಯ ಅಂಚಿಗೇ ತುಂಡಾಗಿತ್ತು. ಹಲ್ಲಿನ ಜೊತೆಗೆ ಈಗ ಚಿಕ್ಕಿಯೂ ಹೋಯಿತು ಎಂದು ತಲೆಗೆ ಕೈ ಹಚ್ಚಿಕೊಂಡೆ.

ಚಾಚಾಗೆ ಮಾತ್ರ ಅಲ್ಲಿಂದ ಹುರುಪು ಹತ್ತಿತು. “ಹಲ್ಲಿನ ವಿಷ್ಯ ನೀನು ನೋಡು, ದಾರದ ವಿಷ್ಯ ನಂಗೆ ಬಿಡು,” ಎಂದು ಒಳಗೆ ಹೋಗಿ ಹುರಿ ಹಾಕಿದ ಗಟ್ಟಿ ರೇಷ್ಮೆಯ ಒಂದು ಉಂಡೆ ತಂದರು. ಅದರ ತುದಿಗೆ ನಾನು ಚಿಕ್ಕಿ ಮೆತ್ತಿದ ಇನ್ನೊಂದು ತುಂಡು ಕಟ್ಟಿದೆ. ಚಿಕ್ಕಂದಿನಲ್ಲಿ ಗಾಳಿಪಟದಲ್ಲಿ ಈ ಬೀದಿಗೇ ಅವರು ಉಸ್ತಾದರಂತೆ. “ಉಂಡೇನ ಮೇಜಿನ ಮೇಲಿಟ್ರೆ ಜಗ್ಗುತ್ತೆ, ಜಗ್ಗಿದ್ರೆ ತುಂಡಾಗುತ್ತೆ. ಕೈಯಲ್ಲಿ ಹಿಡ್ಕೊಂಡು ಢೀಲ್ ಬಿಡ್ಬೇಕು ಬೇಟೀ, ಢೀಲ್!” ಎಂದು ಎರಡು ಬೆರಳ ನಡುವೆ ಉಂಡೆ ಇಟ್ಟುಕೊಂಡು ಬಾಗಿಲ ಹಿಂದೆ ಕೂತರು. ಅರವತ್ತೆಂಟು ವರ್ಷದ ಮನುಷ್ಯ, ನಾಲಿಗೆಯ ತುದಿ ಹೊರಗೆ ಬಂದಿತ್ತು.

ಇಲಿ ಮತ್ತೆ ಬರಲು ಒಂದು ಗಂಟೆ ಹಿಡಿಯಿತು. ಈ ಸಲ ಅದು ಕಚ್ಚಿ ಓಡಿದಾಗ ಚಾಚಾ ದಾರವನ್ನು ಎಷ್ಟು ನಯವಾಗಿ ಬಿಟ್ಟುಕೊಟ್ಟರೆಂದರೆ ಕಿಂಡಿಯ ಅಂಚಿನಲ್ಲಿ ಅದು ಅಲುಗಲೂ ಇಲ್ಲ. ಒಮ್ಮೆ ನಿಂತಿತು, ಅವರೂ ನಿಂತರು. ಮತ್ತೆ ಹೊರಟಿತು. ಕೊನೆಗೆ ಪೂರ್ತಿ ನಿಂತಾಗ ಕೈಯಿಂದ ಹೋದ ದಾರ ಸುಮಾರು ಹದಿನೈದು ಮೊಳ ಎಂದು ಅಂದಾಜು ಮಾಡಿದರು.

ದಾರ ಹಿಡಿದು ಹೊರಟೆವು. ಅದು ಸಿಂಕಿನ ಕಿಂಡಿಯಿಂದ ಗೋಡೆಯಾಚೆ ಶೆಡ್ಡಿಗೆ ಇಳಿದು, ಗೋಡೆಯ ಬುಡದಲ್ಲೇ ಸಾಗಿ, ಮೂಲೆಯ ಹಳೆಯ ಒಲೆಯ ಹಿಂದಿನ ಬಿರುಕಿನಲ್ಲಿ ಮರೆಯಾಗಿತ್ತು. ರೇಷ್ಮೆಗೂಡು ಬೇಯಿಸುತ್ತಿದ್ದ ಇಟ್ಟಿಗೆ ಒಲೆ ಅದು. ಬಾಯ್ಲರ್ ಬಂದ ಮೇಲೆ ಉರಿ ಕಂಡಿರಲಿಲ್ಲ. ಅದರ ಮೇಲೆ ಚಾಚಾರ ರೇಡಿಯೋ, ಚಹಾದ ಕೆಟಲು ಇರುತ್ತಿದ್ದವು. ಒಲೆ ಕಟ್ಟಿದ್ದು ಅವರ ತಂದೆ, ಸ್ವಂತ ಕೈಯಿಂದ. ಶೆಡ್ಡಿಗೆ ಹೊಸ ನೆಲ ಹಾಕಿಸುವಾಗಲೂ ಅದನ್ನು ಮುಟ್ಟಲು ಯಾರಿಗೂ ಬಿಟ್ಟಿರಲಿಲ್ಲ. ಒಡೆಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಚಾಚಾ ಒಲೆಯ ಮೇಲೆ ಕೈಯಿಟ್ಟರು. “ಅಬ್ಬಾಗೆ ಓಲಗ ಅಂದ್ರೆ ಪ್ರಾಣ. ಈ ರೋಡಲ್ಲಿ ಮದುವೆ ದಿಬ್ಬಣ ಬಂದ್ರೆ ಸಾಕು, ನೀರು ಕುದೀತಿದ್ರೂ ಬಿಟ್ಟು ಆಚೆ ಓಡೋರು,” ಎಂದರು. ಆಮೇಲೆ ಕೆಟಲು, ರೇಡಿಯೋ ಎತ್ತಿ ಕೆಳಗಿಟ್ಟರು. “ಒಡೆಯೋದ್ ಬೇಡ. ಒಂದೊಂದೇ ತೆಗಿಯಣ.”

ಸೀಮೆಸುಣ್ಣದಿಂದ ಹಿಂಬದಿಯ ಇಟ್ಟಿಗೆಗಳಿಗೆ ನಂಬರು ಬರೆದರು. ಮಣ್ಣಿನ ಗಾರೆಯಾದ್ದರಿಂದ ನನ್ನ ಪ್ಲಾಸ್ಟರ್ ಚಾಕುವಿಗೇ ಬಿಟ್ಟುಕೊಂಡವು. ಹನ್ನೊಂದನೆಯ ಇಟ್ಟಿಗೆ ತೆಗೆದಾಗ ಇಲಿ ಚಾಚಾರ ಪಾದದ ಮೇಲೆಯೇ ಹಾರಿ ಬಾಯ್ಲರಿನ ಕೊಳವೆ ಏರಿ ಕೂತಿತು. ಒಳಗೆ ರೇಷ್ಮೆಯ ಕಸದಿಂದ ಮಾಡಿದ ಅಂಗೈಯಗಲದ ಹಾಸಿಗೆ. ಕೋಟಿ ಕೊಟ್ಟರೂ ನನ್ನ ಮನೆಯಲ್ಲಿ ಅಷ್ಟು ಮೆತ್ತಗಿನದು ಇಲ್ಲ. ಅದರ ಮೇಲೆ ಕಣ್ಣು ತೆರೆಯದ ಆರು ಗುಲಾಬಿ ಮರಿ.

ಪಕ್ಕದ ಗೂಡಿನಲ್ಲಿ ಉಗ್ರಾಣ. ಕಡಲೇಕಾಯಿ ಒಂದು ರಾಶಿ, ಹುರುಳಿ ಒಂದು ರಾಶಿ, ಒಣಗಿದ ರೇಷ್ಮೆಹುಳ, ಖರ್ಜೂರದ ಬೀಜ, ಸೋಪಿನ ತುಂಡು, ಮೂರು ಗುಂಡಿ, ಒಂದು ಪೆನ್ನಿನ ಮುಚ್ಚಳ, ನಿನ್ನೆಯ ಚಿಕ್ಕಿ, ಇವತ್ತಿನ ಎರಡು ತುಂಡು. ಎಲ್ಲದರ ಹಿಂದೆ, ಗೋಡೆಗೆ ಒರಗಿಸಿಟ್ಟಂತೆ, ತಾತನ ಆರು ಹಲ್ಲು.

ಕೈಗವಸು ಹಾಕಿಕೊಂಡು ಎತ್ತಿದೆ. ಮುಂಭಾಗದ ಎಣ್ಣೆಯನ್ನು ಇಲಿ ನೆಕ್ಕಿ ಸ್ವಚ್ಛ ಮಾಡಿತ್ತು. ಹಿಂಭಾಗದ ಮೇಣವನ್ನು ಅಂಚಿನಿಂದ ಕೆರೆದಿತ್ತು. ಅಡಿ ಮುರಿದಿರಲಿಲ್ಲ. ಐದು ಹಲ್ಲು ನೆಟ್ಟಗೆ ನಿಂತಿದ್ದವು. ಆರನೆಯದು, ನನ್ನ ಇಡೀ ಗುರುವಾರವನ್ನು ತಿಂದಿದ್ದ ಆ ಸೊಟ್ಟ ಹಲ್ಲು, ಕಳಚಿ ಪಕ್ಕಕ್ಕೆ ಬಿದ್ದಿತ್ತು. ಆದರೆ ಮೇಣದಲ್ಲಿ ಅದು ಕೂತಿದ್ದ ಕುಳಿ ಹಾಗೇ ಇತ್ತು. ಅಲ್ಲೇ ನೆಲದ ಮೇಲೆ ಕೂತು ಹಲ್ಲನ್ನು ಕುಳಿಗೆ ಇಳಿಸಿದೆ. ಒಂದೇ ಒಂದು ಕೋನದಲ್ಲಿ ಅದು ಟಕ್ಕೆಂದು ಕೂತಿತು. ಬೇರೆ ಯಾವ ಕೋನದಲ್ಲೂ ಕೂರಲಿಲ್ಲ. ನನಗೆ ಕೂಗಬೇಕೆನಿಸಿತು, ಕೂಗಿಯೂ ಬಿಟ್ಟೆ.

“ಮೆಲ್ಲಗೆ! ಬಾಣಂತಿ ಮನೆ,” ಎಂದು ಚಾಚಾ ಗದರಿದರು. ಕೊಳವೆಯ ಮೇಲೆ ಕೂತಿದ್ದ ಇಲಿಯನ್ನು ನೋಡಿ, “ನಿಂದು ನಿಂಗೆ, ನಮ್ದು ನಮ್ಗೆ,” ಎಂದು ನಾಲ್ಕು ಇಟ್ಟಿಗೆಯನ್ನು ಸುಮ್ಮನೆ ಮುಂದಕ್ಕೆ ಒರಗಿಸಿದರು. ಎರಡು ದಿನದಲ್ಲಿ ಇಲಿ ಮರಿಗಳನ್ನು ಒಂದೊಂದಾಗಿ ಬೇರೆಲ್ಲಿಗೋ ಸಾಗಿಸಿಬಿಟ್ಟಿತು. ಆಮೇಲೆ ಅವರು ನಂಬರಿನ ಪ್ರಕಾರ ಇಟ್ಟಿಗೆ ಕೂರಿಸಿ ಬಿರುಕು ಮುಚ್ಚಿದರು. ನಾನು ನನ್ನ ಕಡೆಯ ಕಿಂಡಿಗೆ ಗಾಜಿನ ಚೂರು, ಸಿಮೆಂಟು ತುಂಬಿದೆ. ಕರುಣೆಗೂ ಒಂದು ಮಿತಿ ಇರಬೇಕಲ್ಲ.

ಭಾನುವಾರ ಸಂಜೆಯೇ ಔಷಧದಿಂದ ತೊಳೆದು, ಆಗಷ್ಟೇ ಬಿಚ್ಚಿದ ಹೊಸ ಡಬ್ಬದ ವ್ಯಾಸಲಿನ್ ಸವರಿ, ಗುರುತಚ್ಚು ತೆಗೆದೆ. ಒಂದಲ್ಲ, ಎರಡು. ಇಲಿಯ ಬಾಯಿಗೆ ಹೋದ ಹಲ್ಲನ್ನು ಮನುಷ್ಯರ ಬಾಯಿಗೆ ಕಳಿಸುವಂತಿಲ್ಲ. ಅದೇ ನಂಬರಿನ ಹೊಸ ಹಲ್ಲಿನ ಸೆಟ್ಟು ತೆಗೆದು, ಅಚ್ಚಿನೊಳಗೆ ಒಂದೊಂದನ್ನೂ ಕೂರಿಸಿ, ಹೊಸ ಅಡಿಯ ಮೇಲೆ ಹೊಸ ಮೇಣ ಸುರಿದೆ. ಸೋಮವಾರ ಅದನ್ನು ಫ್ಲಾಸ್ಕ್ ಎನ್ನುವ ಲೋಹದ ಪೆಟ್ಟಿಗೆಗೆ ಹಾಕಿ, ಮೇಣ ಕರಗಿಸಿ ತೆಗೆದು ಅಕ್ರಿಲಿಕ್ ತುಂಬಿದೆ. ಅವಸರಕ್ಕೆ ನೀರು ಬೇಗ ಕುದಿಸಿದರೆ ಒಳಗೆ ಗುಳ್ಳೆ ಏಳುತ್ತದೆ. ಆದ್ದರಿಂದ ಸ್ಟೂಲಿನಿಂದ ಏಳದೆ ಸಣ್ಣ ಉರಿಯಲ್ಲೇ ಬೇಯಿಸಿದೆ. ಡಾಕ್ಟರಮ್ಮನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ.

“ಅದು ಕಚ್ಚಿದ ಹಲ್ಲು ಇದರೊಳಗೆ ಒಂದೂ ಇಲ್ಲ ತಾನೆ?”

“ಒಂದೂ ಇಲ್ಲ ಮೇಡಂ.”

“ಹಾಗಾದ್ರೆ ತಗೊಂಡು ಬಾ. ತಾತನಿಗೆ ನೀನೇ ಹೇಳು, ನಾನು ಹೇಳಲ್ಲ.”

ಮಂಗಳವಾರ ಚಿಂತಾಮಣಿಯ ಆಸ್ಪತ್ರೆಯಲ್ಲಿ ತಾತ, ಡೋಲಿನವರು ಇಬ್ಬರೂ ಕಾಯುತ್ತಿದ್ದರು. ಹಲ್ಲು ಕೂರಿಸುವ ಮೊದಲೇ ಹೇಳಿಬಿಟ್ಟೆ. ಗುರುತಚ್ಚು ಮೊದಲೇ ತೆಗೆಯದೆ ಹೋದದ್ದು ನನ್ನ ತಪ್ಪು, ಎಣ್ಣೆ ಹಚ್ಚಿ ಬಿಟ್ಟುಹೋದದ್ದೂ ನನ್ನ ತಪ್ಪು ಎಂದೆ. ತಾತ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೇಳಿದರು.

“ಮರಿ ಎಷ್ಟಿದ್ವು ತಲ್ಲೀ?”

“ಆರು.”

“ನನ್ ಹಲ್ಲೂ ಆರು. ಪಾಪ, ಒಂದೊಂದ್ ಮರೀಗ್ ಒಂದೊಂದು ಅಂತ ಎತ್ಕೊಂಡ್ ಹೋಗಿರ್ಬೇಕು,” ಎಂದು ಮೈಯೆಲ್ಲ ಕುಲುಕುವಂತೆ ನಕ್ಕರು. ಡೋಲಿನವರು ನಗಲಿಲ್ಲ. ಅವರು ಸ್ನೇಹಿತನ ಬಾಯನ್ನೇ ನೋಡುತ್ತಿದ್ದರು.

ಹಲ್ಲು ಕೂತಿತು. ಎಲ್ಲೂ ಕೆರೆಯಬೇಕಾಗಲಿಲ್ಲ. ತಾತ ಪೀಪಿ ತೆಗೆದು, ನೆನೆಸಿ, ತುಟಿಗಿಟ್ಟು, ಅರೆಕ್ಷಣ ಊದಿ ತಕ್ಷಣ ಕೆಳಗಿಟ್ಟರು. ಸ್ವರ ಬಂತೋ ಇಲ್ಲವೋ ನನಗೆ ತಿಳಿಯುವಷ್ಟರಲ್ಲಿ ಮುಗಿದಿತ್ತು. ತುಟಿಯ ಒಳಗೆ ಇನ್ನೂ ಕೆಂಪಿತ್ತು. “ಇರೋದೊಂದ್ ಉಸುರು. ನಾಳೆಗಿರ್ಲಿ,” ಎಂದು ಎಲ್ಲ ಕಟ್ಟಿಕೊಂಡು ಹೊರಟರು.

ಬುಧವಾರ ಬೆಳಿಗ್ಗೆ ಗೌರಿಬಿದನೂರಿನ ಛತ್ರಕ್ಕೆ ನಾನು, ಚಾಚಾ ಒಟ್ಟಿಗೆ ಹೋದೆವು. ಅವರು ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿದ್ದರು. ತಾತ ಮಂಟಪದ ಎಡಕ್ಕೆ ಕೂತಿದ್ದರು. ಹೆಣ್ಣಿನ ತಂದೆ ಧಾರೆಗೆ ಕೂರಬೇಕಾದ್ದರಿಂದ ಡೋಲಿಗೆ ತೊಂಡೇಬಾವಿಯಿಂದ ಬೇರೊಬ್ಬರನ್ನು ಕರೆಸಿದ್ದರು. ಬೆಳಗಿನಿಂದ ತಾತ ಶ್ರುತಿಗಷ್ಟೇ ಊದುತ್ತಾ, ಉಳಿದದ್ದನ್ನು ಪಕ್ಕದಲ್ಲಿ ಕೂತ ತಮ್ಮ ಶಿಷ್ಯರಿಗೆ ಬಿಟ್ಟು, ತುಟಿಯನ್ನು ಕಾಪಾಡಿಕೊಂಡಿದ್ದರು.

ಧಾರೆ ಆಯಿತು. ಮಗಳ ಕೈ ಅಳಿಯನ ಕೈಯಲ್ಲಿ ಇಟ್ಟು ನೀರು ಬಿಟ್ಟ ಡೋಲಿನವರು ಒದ್ದೆ ಕೈಯಲ್ಲಿ ಕೂತಿದ್ದರು. ಪುರೋಹಿತರು ತಾಳಿಯನ್ನು ವರನ ಕೈಗೆ ಕೊಟ್ಟು, ಬೆರಳು ಮೇಲೆತ್ತಿ, “ಗಟ್ಟಿಮೇಳ! ಗಟ್ಟಿಮೇಳ!” ಎಂದು ಕೂಗಿದರು.

ತಾತ ಕಣ್ಣು ಮುಚ್ಚಿ ಊದಿದರು. ಗುರುವಾರ ಸಂಜೆ ಕೇಳಿದ್ದ ಅದೇ ಸ್ವರ, ಈಗ ಹತ್ತರಷ್ಟಾಗಿ ಛತ್ರದ ತಗಡಿಗೆ ಬಡಿಯಿತು. ಚಾಚಾ ನನ್ನ ಮುಂಗೈ ಹಿಡಿದುಕೊಂಡರು. ಅಕ್ಷತೆ ಎಸೆಯುವುದನ್ನೇ ನಾನು ಮರೆತೆ. ಅಷ್ಟರಲ್ಲಿ ಮಂಟಪದಲ್ಲಿ ಗಲಾಟೆ. ಹೆಣ್ಣಿನ ತಂದೆ ಎದ್ದುಬಿಟ್ಟಿದ್ದರು. ಪಂಚೆ ಎತ್ತಿ ಕಟ್ಟಿ ಮೆಟ್ಟಿಲಿಳಿದು, ತೊಂಡೇಬಾವಿಯವರ ಕೊರಳಿನಿಂದ ಡೋಲಿನ ಪಟ್ಟಿ ಬಿಡಿಸಿ ತಮ್ಮ ಕೊರಳಿಗೆ ಹಾಕಿಕೊಳ್ಳುತ್ತಿದ್ದರು.

“ರೀ, ರೀ! ಧಾರೆ ಎರೆದವ್ರು ನೀವು, ಕೂತ್ಕೊಳ್ರೀ!” ಎಂದು ಪುರೋಹಿತರು ಕೂಗಿದರು.

“ಎರೆದಾಯ್ತಲ್ಲ ಸ್ವಾಮಿ! ಮಗಳ್ನ ಕೊಟ್ಟಾಯ್ತು. ಇನ್ ಸುಮ್ಕೆ ಕೂತ್ರೆ ಈ ಕೈಗೆ ಏನ್ ಕೆಲ್ಸ?” ಎಂದು ಅವರು ಬರಿಬೆರಳಿನಲ್ಲೇ ಬಾರಿಸತೊಡಗಿದರು.

ತಾತ ಕಣ್ಣು ತೆರೆಯಲಿಲ್ಲ. ತೆರೆಯದೆಯೇ, ಮೊದಲ ಪೆಟ್ಟು ಬಿದ್ದಾಗ, ಯಾರು ಬಂದರೆಂದು ಗೊತ್ತಾಗಿ ಕೊಂಚ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ತಾಳಿ ಕಟ್ಟಿ ಮುಗಿದು, ಮೂರನೆಯ ಗಂಟೂ ಬಿದ್ದು, ಪುರೋಹಿತರು ಸಾಕು ಸಾಕೆಂದು ಎರಡೂ ಕೈ ಬೀಸುತ್ತಿದ್ದರೂ ಅವರಿಬ್ಬರೂ ನಿಲ್ಲಿಸಲಿಲ್ಲ.